ಗೇರ್‌ಬಾಕ್ಸ್ ಕೆಡಿಸದೆ ಕಾರು ಕಲಿಯುವುದು: ಶಿರಸಿ ಅಂಗಳದಿಂದ ದೇವಿಮನೆ ಘಟ್ಟದವರೆಗೆ

ನನ್ನ ಕಾರಿನ ಮೊದಲ ಕ್ಲಚ್ ಪ್ಲೇಟು ಸುಟ್ಟಿದ್ದು ದೇವಿಮನೆ ಘಟ್ಟದಲ್ಲಿ. ಕುಮಟೆಯಲ್ಲಿ ಮದುವೆ ಊಟ ಮುಗಿಸಿ ಶಿರಸಿಗೆ ಹತ್ತುತ್ತಿದ್ದೆ. ಲೈಸೆನ್ಸ್ ಕೈಗೆ ಬಂದು ಎರಡು ತಿಂಗಳಾಗಿತ್ತು ಅಷ್ಟೆ. ಮುಂದೆ ಲೋಡು ತುಂಬಿದ ಲಾರಿ, ಏರಿನಲ್ಲಿ ನಿಂತು ನಿಂತು ಹೋಗುತ್ತಿತ್ತು. ಬ್ರೇಕ್ ಒತ್ತಿದರೆ ಗಾಡಿ ಬಂದ್ ಬೀಳುತ್ತದೆ, ಬಿಟ್ಟರೆ ಹಿಂದಿನವನ ಮೇಲೆ ಜಾರುತ್ತದೆ ಅಂತ ಹೆದರಿ, ಕ್ಲಚ್ ಅರ್ಧ ಹಿಡಿದು ರೇಸ್ ಕೊಡುತ್ತಾ ಕಾರನ್ನು ಏರಿನಲ್ಲೇ ತೂಗಿಸಿಕೊಂಡು ನಿಂತೆ. ಹಿಂದೆ ಜಾರಲಿಲ್ಲ, ಬಂದ್ ಬೀಳಲೂ ಇಲ್ಲ. ನನ್ನ ಜಾಣತನಕ್ಕೆ ನಾನೇ ಮೆಚ್ಚಿದೆ. ಸ್ವಲ್ಪ ಹೊತ್ತಿಗೆ ಕಮಟು ವಾಸನೆ ಬಂತು. ಲಾರಿಯದೇ ಇರಬೇಕೆಂದು ಗಾಜು ಏರಿಸಿಕೊಂಡೆ. ಮತ್ತೆರಡು ತಿರುವು ದಾಟುವಷ್ಟರಲ್ಲಿ ಎಂಜಿನ್ ಕೂಗುತ್ತಿದೆ, ಗಾಡಿ ಮಾತ್ರ ಮುಂದೆ ಹೋಗುತ್ತಿಲ್ಲ.

ಗ್ಯಾರೇಜಿನಲ್ಲಿ ಹಳೆಯ ಪ್ಲೇಟು ಬಿಚ್ಚಿ ನನ್ನ ಕೈಗೇ ಕೊಟ್ಟರು. ಊಟದ ತಟ್ಟೆಗಿಂತ ಸ್ವಲ್ಪ ಸಣ್ಣದು. ಮೇಲಿನ ಲೈನಿಂಗ್ ಸವೆದು ರಿವೆಟ್ಟಿನ ತಲೆಗಳು ಹೊಳೆಯುತ್ತಿದ್ದವು, ಅಂಚು ಸೀದ ದೋಸೆಯ ಹಾಗೆ ಕಪ್ಪಗಾಗಿತ್ತು.

ಆಮೇಲೆ ನನಗೆ ಮೊದಲಿಂದ ಕಲಿಸಿದ್ದು ನನ್ನ ಸೋದರಮಾವ. ಸಾರಿಗೆ ಸಂಸ್ಥೆಯ ಬಸ್ಸಿನಲ್ಲಿ ಇದೇ ಘಟ್ಟಗಳನ್ನು ಹತ್ತಿ ಇಳಿದೇ ನಿವೃತ್ತರಾದವರು. ಅವರು ಹೇಳಿಕೊಟ್ಟಿದ್ದನ್ನು, ಮುಂದೆ ನಾನು ಇಬ್ಬರು ಅಕ್ಕತಂಗಿಯರಿಗೆ ಕಲಿಸುವಾಗ ಕಂಡಿದ್ದನ್ನು ಸೇರಿಸಿ ಇಲ್ಲಿ ಬರೆದಿದ್ದೇನೆ. ಡ್ರೈವಿಂಗ್ ಸ್ಕೂಲಿಗೂ ಹೋಗಿ, ಬೇಡ ಎನ್ನುವುದಿಲ್ಲ. ಆದರೆ ಅಲ್ಲಿಯ ಕಾರಿನಲ್ಲಿ ಪಕ್ಕದವರ ಕಾಲ ಬಳಿಯೂ ಕ್ಲಚ್ ಬ್ರೇಕ್ ಇರುತ್ತವೆ. ನಾನು ಕಲಿತ ಕಡೆ ಮೊದಲ ಹದಿನೈದು ದಿನ ಕ್ಲಚ್ ಒತ್ತಿದವರು ಅವರು, ಸ್ಟೇರಿಂಗ್ ಹಿಡಿದು ಖುಷಿಪಟ್ಟವಳು ನಾನು.

ಬಾವಿ ಹಗ್ಗದ ಲೆಕ್ಕ

ಎಂಜಿನ್ ಸದಾ ತಿರುಗುತ್ತಿರುತ್ತದೆ. ಚಕ್ರ ಒಮ್ಮೆ ನಿಲ್ಲಬೇಕು, ಒಮ್ಮೆ ತಿರುಗಬೇಕು. ಇವೆರಡನ್ನೂ ಬೇಕೆಂದಾಗ ಸೇರಿಸಿ ಬೇಡವೆಂದಾಗ ಬಿಡಿಸುವುದು ಕ್ಲಚ್ಚಿನ ಕೆಲಸ. ಎಂಜಿನ್ನಿನ ತುದಿಯಲ್ಲಿ ಭಾರದ ಫ್ಲೈವೀಲ್ ಇದೆ. ಪ್ರೆಶರ್ ಪ್ಲೇಟಿನ ಸ್ಪ್ರಿಂಗು ಕ್ಲಚ್ ಪ್ಲೇಟನ್ನು ಅದಕ್ಕೆ ಅವುಚಿ ಹಿಡಿದಿರುತ್ತದೆ. ನೀವು ಪೆಡಲ್ ಒತ್ತಿದರೆ ಆ ಹಿಡಿತ ಬಿಡುತ್ತದೆ, ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಸಂಬಂಧ ತಪ್ಪುತ್ತದೆ.

ಬಾವಿಯಿಂದ ನೀರು ಸೇದಿದವರಿಗೆ ಇದು ಬೇಗ ತಿಳಿಯುತ್ತದೆ. ತುಂಬಿದ ಕೊಡಪಾನದ ಹಗ್ಗವನ್ನು ಗಟ್ಟಿಯಾಗಿ ಹಿಡಿದರೆ ಅಂಗೈಗೆ ಏನೂ ಆಗುವುದಿಲ್ಲ. ಪೂರ್ತಿ ಬಿಟ್ಟರೂ ಇಲ್ಲ, ಕೊಡಪಾನ ಹೋಗುತ್ತದೆ, ಅದು ಬೇರೆ ಮಾತು. ಹಿಡಿದೂ ಹಿಡಿಯದ ಹಾಗೆ ಹಗ್ಗ ಜಾರಲು ಬಿಟ್ಟರೆ ಚರ್ಮ ಸುಲಿಯುತ್ತದೆ. ಕ್ಲಚ್ ಪ್ಲೇಟಿಗೂ ಅರ್ಧಂಬರ್ಧ ಜಾರುವ ಆ ಹೊತ್ತೇ ಶತ್ರು. ಗಾಡಿ ಹೊರಡುವಾಗ ಒಂದೆರಡು ಸೆಕೆಂಡು ಜಾರಲೇಬೇಕು, ಅಷ್ಟಕ್ಕೆಂದೇ ಅದನ್ನು ಮಾಡಿದ್ದಾರೆ. ಆ ಎರಡು ಸೆಕೆಂಡು ಇಪ್ಪತ್ತಾಯಿತೋ, ನನ್ನ ದೇವಿಮನೆ ಕಥೆ.

ಅಂದ ಹಾಗೆ, ಕಲಿಯುವಾಗ ಗಾಡಿ ಬಂದ್ ಬೀಳುವುದಕ್ಕೆ ಹೆದರಬೇಡಿ. ದಿನಕ್ಕೆ ಐವತ್ತು ಸಲ ಬಂದ್ ಬಿದ್ದರೂ ಅರ್ಧ ಕ್ಲಚ್ಚಿನಲ್ಲಿ ಹತ್ತು ನಿಮಿಷ ಕೂಗಿಸಿದಷ್ಟು ಹಾಳಾಗುವುದಿಲ್ಲ. ಕೆಡುವುದು ನಮ್ಮ ಮರ್ಯಾದೆ ಮಾತ್ರ.

ಮೊದಲ ದಿನ: ಎಂಜಿನ್ ಬಂದ್ ಇರಲಿ

ಸೀಟನ್ನು ಮುಂದೆ ತನ್ನಿ. ಎಡಗಾಲಿನಲ್ಲಿ ಕ್ಲಚ್ ನೆಲಕ್ಕೆ ಮುಟ್ಟುವಷ್ಟು ಒತ್ತಿದಾಗಲೂ ಮಂಡಿ ಸ್ವಲ್ಪ ಮಡಚಿರಬೇಕು. ಕಾಲು ಪೂರ್ತಿ ನೀಟಿಕೊಂಡರೆ ಸೀಟು ದೂರ ಇದೆ ಎಂದರ್ಥ. ಆಗ ಕ್ಲಚ್ ಕೊನೆಯವರೆಗೆ ಹೋಗದೆ ಗೇರು ಕರಕರ ಅನ್ನುತ್ತದೆ. ಹವಾಯಿ ಚಪ್ಪಲಿ ಬೇಡ. ಮಳೆಗಾಲದಲ್ಲಿ ಒದ್ದೆ ಚಪ್ಪಲಿ ಪೆಡಲಿನ ಮೇಲೆ ಜಾರುತ್ತದೆ, ಕ್ಲಚ್ ಒಮ್ಮೆಲೇ ಬಿಟ್ಟುಹೋಗಿ ಗಾಡಿ ಕಪ್ಪೆಯ ಹಾಗೆ ಹಾರುತ್ತದೆ.

ಈಗ ಹ್ಯಾಂಡ್‌ಬ್ರೇಕ್ ಎಳೆದು, ಕ್ಲಚ್ ಒತ್ತಿ, ಒಂದೊಂದೇ ಗೇರು ಹಾಕಿ ನೋಡಿ. ಕಣ್ಣು ರಸ್ತೆ ಇರಬೇಕಾದ ಕಡೆಗೇ ಇರಲಿ. ಗೇರಿನ ಕೋಲನ್ನು ಮುಷ್ಟಿಯಲ್ಲಿ ಹಿಸುಕಬೇಡಿ. ಒಂದು-ಎರಡಕ್ಕೆ ಅಂಗೈಯಿಂದ ಎಡಕ್ಕೆ ಒತ್ತಿ ಹಿಡಿದು ಹಾಕಿ. ಮೂರು-ನಾಲ್ಕಕ್ಕೆ ಬರೀ ಮುಂದೆ ಹಿಂದೆ, ಸ್ಪ್ರಿಂಗು ಕೋಲನ್ನು ತಾನೇ ನಡುವಿಗೆ ತಂದು ನಿಲ್ಲಿಸಿರುತ್ತದೆ. ಐದಕ್ಕೆ ಬಲಕ್ಕೆ. ರಿವರ್ಸ್ ಮಾತ್ರ ಕಾರಿನಿಂದ ಕಾರಿಗೆ ಬೇರೆ: ಕೆಲವದರಲ್ಲಿ ಕೋಲಿನ ಕೆಳಗಿನ ರಿಂಗ್ ಎತ್ತಬೇಕು, ಕೆಲವದರಲ್ಲಿ ಕೋಲನ್ನೇ ಕೆಳಕ್ಕೆ ಒತ್ತಬೇಕು. ಅರ್ಧ ಗಂಟೆ ಹೀಗೆ ಕುಳಿತರೆ ಮನೆಯವರು ನಗಬಹುದು. ನಗಲಿ. ಮುಂದೆ ಐದರಿಂದ ನಾಲ್ಕಕ್ಕೆ ಬರುವ ಬದಲು ಎರಡಕ್ಕೆ ಹಾಕಿ ಎಂಜಿನ್ ಕಿರುಚಿಸುವುದು ಈ ಅರ್ಧ ಗಂಟೆಯಿಂದ ತಪ್ಪುತ್ತದೆ.

ಎರಡನೇ ದಿನ: ಬಲಗಾಲಿಗೆ ರಜೆ

ಸಮತಟ್ಟಾದ ಗಟ್ಟಿ ನೆಲ ಬೇಕು. ಕೊಯ್ಲು ಮುಗಿದು ಒಣಗಿದ ಗದ್ದೆ ಬಯಲು, ಕೇಳಿ ಒಪ್ಪಿಗೆ ಪಡೆದರೆ ಭಾನುವಾರದ ಶಾಲೆ ಮೈದಾನ, ಅಥವಾ ಅಡಕೆ ಹರವದ ದಿನಗಳಲ್ಲಿ ಮನೆಯ ಅಂಗಳವೇ ಆದೀತು. ಕಾರವಾರ, ಗೋಕರ್ಣದ ಕಡೆಯವರಿಗೆ ಒಂದು ಮಾತು: ಕಡಲತೀರ ಎಷ್ಟೇ ವಿಶಾಲವಾಗಿ ಕಂಡರೂ ಅಲ್ಲಿ ಕಲಿಯಲು ಹೋಗಬೇಡಿ. ಮರಳಿನಲ್ಲಿ ಚಕ್ರ ಹೂತರೆ ಹೊಸಬರು ಮಾಡುವುದು ಒಂದೇ, ಅರ್ಧ ಕ್ಲಚ್ಚಿನಲ್ಲಿ ರೇಸ್ ಮೇಲೆ ರೇಸ್. ಚಕ್ರ ಇನ್ನಷ್ಟು ಹೂಳುತ್ತದೆ, ಪ್ಲೇಟು ಸುಡುತ್ತದೆ, ಮೇಲಿಂದ ಉಪ್ಪುನೀರು.

ಎಂಜಿನ್ ಚಾಲೂ ಮಾಡಿ ಒಂದನೇ ಗೇರು ಹಾಕಿ. ಹ್ಯಾಂಡ್‌ಬ್ರೇಕ್ ಇಳಿಸಿ, ಬಲಗಾಲನ್ನು ಬ್ರೇಕಿನ ಮೇಲೆ ಸುಮ್ಮನೆ ತಯಾರಾಗಿಡಿ. ಎಕ್ಸಿಲೇಟರ್ ಈ ದಿನ ಮುಟ್ಟುವ ಹಾಗೇ ಇಲ್ಲ. ಈಗ ಕ್ಲಚ್ ಬಿಡಿ, ಕೂದಲೆಳೆಯಷ್ಟು ಕೂದಲೆಳೆಯಷ್ಟು. ಹಿಮ್ಮಡಿ ನೆಲಕ್ಕೂರಿ ಪಾದದ ಮುಂಭಾಗ ಮಾತ್ರ ಏಳುತ್ತಿದ್ದರೆ ಹಿಡಿತ ಸಿಗುತ್ತದೆ. ಒಂದು ಜಾಗ ಬಂದಾಗ ಎಂಜಿನ್ನಿನ ಸದ್ದು ಸ್ವಲ್ಪ ದಪ್ಪವಾಗುತ್ತದೆ, ಸ್ಟೇರಿಂಗಿನಲ್ಲಿ ಸಣ್ಣ ನಡುಕ ಬರುತ್ತದೆ, ಬಾನೆಟ್ ತುಸು ತಲೆ ಎತ್ತಿದ ಹಾಗಾಗುತ್ತದೆ. ಕ್ಲಚ್ ಹಿಡಿಯುವ ಜಾಗ ಅದೇ. ಅಲ್ಲಿ ಕಾಲನ್ನು ಒಂದು ಉಸಿರು ನಿಲ್ಲಿಸಿ. ಕಾರು ತಾನಾಗಿ ತೆವಳುತ್ತದೆ. ತೆವಳಲು ಶುರುವಾದ ಮೇಲೆ ಉಳಿದದ್ದನ್ನು ಮೆಲ್ಲಗೆ ಬಿಟ್ಟು ಕಾಲು ತೆಗೆಯಿರಿ.

ಮಾವ ಪಕ್ಕದಲ್ಲಿ ಕವಳ ಹಾಕಿಕೊಂಡು ಕುಳಿತಿದ್ದರು. ಮೂರು ಸಲ ಬಂದ್ ಬೀಳಿಸಿ ನಾನು ರೇಸ್ ಕೊಡಲು ಹೋದಾಗ ಹೇಳಿದ್ದು ಇಷ್ಟೇ: “ಕೂಸೆ, ಗಡಿಬಿಡಿ ಮಾಡಡ. ಅದು ಹೇಳ್ತು, ನೀ ಕೇಳು.” ಇಪ್ಪತ್ತೈದು ಸಲ ಹೊರಟು ನಿಂತ ಮೇಲೆ ನಿಜಕ್ಕೂ ಅದು ಹೇಳುವುದು ಕೇಳಿಸಿತು. ಎಕ್ಸಿಲೇಟರ್ ಇಲ್ಲದೆ ಸಲೀಸಾಗಿ ಹೊರಡಲು ಬಂದವರು ಮುಂದೆ ಕ್ಲಚ್ ಸುಡುವುದು ಅಪರೂಪ. ಬೇರೇನೂ ಅಭ್ಯಾಸ ಮಾಡದಿದ್ದರೂ ಇದನ್ನು ಮಾಡಿ.

ಹೊರಟ ಮೇಲೆ ಎಡಗಾಲಿಗೆ ಕ್ಲಚ್ಚಿನ ಮೇಲೆ ಕೆಲಸವಿಲ್ಲ. ಪಕ್ಕದಲ್ಲಿ ಕಾಲಿಡಲು ಜಾಗವಿದೆ, ಅಲ್ಲಿಡಿ. “ನಾನು ಒತ್ತಿಲ್ಲ, ಸುಮ್ಮನೆ ಇಟ್ಟಿದ್ದೇನೆ” ಎನ್ನುವವರೇ ಹೆಚ್ಚು. ಪೆಡಲ್ ಒತ್ತಿದಾಗ ಪ್ರೆಶರ್ ಪ್ಲೇಟಿನ ಸ್ಪ್ರಿಂಗನ್ನು ತಳ್ಳುವುದು ರಿಲೀಸ್ ಬೇರಿಂಗ್. ಇಟ್ಟ ಕಾಲಿನ ಭಾರಕ್ಕೇ ಅದು ದಿನವಿಡೀ ದುಡಿಯುತ್ತದೆ, ಪ್ಲೇಟಿನ ಹಿಡಿತವೂ ಸಡಿಲವಾಗುತ್ತದೆ.

ರಸ್ತೆಗಿಳಿಯುವ ಮೊದಲು ಕಾಗದ ಪತ್ರ

ಹದಿನೆಂಟು ತುಂಬಿರಬೇಕು, ಎಲ್‌ಎಲ್ (ಕಲಿಯುವವರ ಲೈಸೆನ್ಸ್) ಮಾಡಿಸಿರಬೇಕು, ಗಾಡಿಯ ಹಿಂದೆ ಮುಂದೆ ಬಿಳಿ ಹಲಗೆಯ ಮೇಲೆ ಕೆಂಪು ಎಲ್ ಕಾಣಬೇಕು, ಪಕ್ಕದಲ್ಲಿ ಲೈಸೆನ್ಸ್ ಇರುವವರು ಕುಳಿತಿರಬೇಕು. ಎಲ್‌ಎಲ್ ಆರು ತಿಂಗಳು ನಡೆಯುತ್ತದೆ. ಅದು ಸಿಕ್ಕಿ 30 ದಿನ ಕಳೆದ ಮೇಲೆ ಪರೀಕ್ಷೆಗೆ ಹೋಗಬಹುದು. ಆ ಮೂವತ್ತು ದಿನಗಳನ್ನು ಕ್ಲಚ್ಚಿಗೆ ಕೊಡಿ.

ಗೇರು ಬದಲಿಸುವಾಗ

ಎಕ್ಸಿಲೇಟರಿನಿಂದ ಕಾಲು ತೆಗೆಯಿರಿ, ಕ್ಲಚ್ ಕೊನೆಯವರೆಗೆ ಒತ್ತಿ, ಗೇರು ಹಾಕಿ, ಕ್ಲಚ್ ಬಿಡುತ್ತಾ ಮತ್ತೆ ರೇಸ್ ಕೊಡಿ. ಕ್ಲಚ್ ಪೂರ್ತಿ ಒತ್ತುವ ಮೊದಲೇ ಕೈ ಓಡುವುದು ಹೊಸಬರೆಲ್ಲರ ತಪ್ಪು. ಕಾಲು ಮೊದಲು, ಕೈ ಆಮೇಲೆ.

ಒಂದರಿಂದ ಎರಡಕ್ಕೆ ಎಳೆಯುವಾಗ ನಡುವೆ, ಯಾವ ಗೇರೂ ಇಲ್ಲದ ನ್ಯೂಟ್ರಲ್ಲಿನಲ್ಲಿ, ರೆಪ್ಪೆ ಮುಚ್ಚಿ ತೆರೆಯುವಷ್ಟು ಹೊತ್ತು ತಡೆಯಿರಿ. ಕಾರಣ ಇದು. ಗೇರ್‌ಬಾಕ್ಸಿನೊಳಗೆ ಚಕ್ರದ ಜೊತೆ ತಿರುಗುವ ಶಾಫ್ಟು ಒಂದು ವೇಗದಲ್ಲಿದೆ, ಸೇರಬೇಕಾದ ಗೇರು ಇನ್ನೊಂದು ವೇಗದಲ್ಲಿದೆ. ಇವೆರಡನ್ನೂ ಒಂದೇ ವೇಗಕ್ಕೆ ತರಲು ನಡುವೆ ಸಿಂಕ್ರೊ ರಿಂಗ್ ಇರುತ್ತದೆ, ಹೆಚ್ಚಾಗಿ ಹಿತ್ತಾಳೆಯದು. ಹೊರಟ ಬಸ್ಸನ್ನು ಹತ್ತುವವನು ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಓಡಿ, ವೇಗ ಸರಿಯಾದಾಗ ಮೆಟ್ಟಿಲಿಗೆ ಕಾಲಿಡುತ್ತಾನಲ್ಲ, ರಿಂಗ್ ಓಡಿಸುವುದು ಆ ನಾಲ್ಕು ಹೆಜ್ಜೆಯನ್ನು. ಕೋಲನ್ನು ಬಡಿದು ಹಾಕಿದರೆ ಓಡಲು ಬಿಡದೆ ದೂಡಿದ ಹಾಗೆ. ಒಂದೆರಡು ದಿನದಲ್ಲಿ ಏನೂ ಕಾಣುವುದಿಲ್ಲ. ವರ್ಷ ಕಳೆದ ಮೇಲೆ ಎರಡನೇ ಗೇರು ಹಾಕಿದಾಗಲೆಲ್ಲ ಕರ್ ಎನ್ನತೊಡಗುತ್ತದೆ, ಕೆಲಸಕ್ಕೆ ಗೇರ್‌ಬಾಕ್ಸನ್ನೇ ಇಳಿಸಬೇಕು.

ಹಾಕಿದ ಮೇಲೆ ಕೈ ಸ್ಟೇರಿಂಗಿಗೆ ಹೋಗಲಿ. ಗೇರಿನ ಕೋಲಿನ ಮೇಲೆ ಕೈ ಊರಿಕೊಂಡು ಓಡಿಸುವುದು ಶೋಕಿಗೆ ಚೆಂದ. ಒಳಗೆ ಗೇರನ್ನು ಸರಿಸುವ ಫೋರ್ಕ್ ಗೇರನ್ನು ಶಾಫ್ಟಿಗೆ ಸೇರಿಸುವ, ತಿರುಗುತ್ತಿರುವ ಬಳೆಯಂಥ ಸ್ಲೀವಿಗೆ ಸುಮ್ಮನೆ ಉಜ್ಜಿಕೊಂಡೇ ಇರುತ್ತದೆ, ಸವೆಯುತ್ತದೆ.

ಯಾವ ವೇಗಕ್ಕೆ ಯಾವ ಗೇರು? ಸಣ್ಣ ಪೆಟ್ರೋಲ್ ಕಾರಿಗೆ ಸುಮಾರಾಗಿ: ಹೊರಡಲು ಒಂದು, ಹದಿನೈದು ಕಿಲೋಮೀಟರಿನ ಹೊತ್ತಿಗೆ ಎರಡು, ಮೂವತ್ತರ ಹತ್ತಿರ ಮೂರು, ನಲವತ್ತೈದಕ್ಕೆ ನಾಲ್ಕು, ಅರವತ್ತರ ಮೇಲೆ ಐದು. ಇದು ಸಮ ರಸ್ತೆಯ ಲೆಕ್ಕ. ಕಾರವಾರ, ಅಂಕೋಲೆ ಕಡೆ ಹೆದ್ದಾರಿಯಲ್ಲಿ ಕಲಿತವರಿಗೆ ಐದನೇ ಗೇರಿನ ಪ್ರೀತಿ ಜಾಸ್ತಿ. ಊರೊಳಗೆ ನಲವತ್ತಕ್ಕೆ ಇಳಿದರೂ ಐದರಲ್ಲೇ ಎಳೆಯುತ್ತಾರೆ, ಗಾಡಿ ಢಕ ಢಕ ಅನ್ನುತ್ತದೆ. ಅದು ಎಂಜಿನ್, ಗೇರು, ಮೌಂಟಿಂಗ್ ಎಲ್ಲಕ್ಕೂ ಬೀಳುವ ಪೆಟ್ಟು. ಢಕ ಢಕ ಕೇಳಿದರೆ ಕೆಳಗಿನ ಗೇರು, ಕೂಗು ಕೇಳಿದರೆ ಮೇಲಿನ ಗೇರು.

ರಿವರ್ಸ್ ಹಾಕಲು ಗಾಡಿ ಪೂರ್ತಿ ನಿಂತಿರಬೇಕು. ಬಹಳಷ್ಟು ಕಾರುಗಳಲ್ಲಿ ರಿವರ್ಸಿಗೆ ಆ ಸಿಂಕ್ರೊ ರಿಂಗ್ ಇಲ್ಲ, ಹಲ್ಲಿಗೆ ಹಲ್ಲು ನೇರ ಕೂರಬೇಕು. ಕ್ಲಚ್ ಒತ್ತಿ ಮೂರು ಸೆಕೆಂಡು ಕಾದು ಹಾಕಿ. ಆಗಲೂ ಬೀಳದಿದ್ದರೆ ದಬ್ಬಬೇಡಿ, ಒಮ್ಮೆ ಒಂದನೇ ಗೇರಿಗೆ ಹಾಕಿ ತೆಗೆದು ಮತ್ತೆ ನೋಡಿ.

ಏರಿನಲ್ಲಿ ಹೊರಡುವುದು

ನಮ್ಮ ಕಡೆಯ ಮನೆಗಳು ತೋಟದ ಪಕ್ಕ ತಗ್ಗಿನಲ್ಲಿ, ರಸ್ತೆ ಮೇಲೆ. ಅಂಗಳದ ದಣಪೆ (ಬೇಲಿಯ ಗೇಟು) ದಾಟಿದ ಕೂಡಲೇ ಏರು. ಬಯಲುಸೀಮೆಯವರು ತಿಂಗಳ ಮೇಲೆ ಕಲಿಯುವ ಪಾಠ ನಮಗೆ ಮನೆ ಬಾಗಿಲಲ್ಲೇ ಬೇಕು. ಕಾಲಿನ ಬ್ರೇಕಿನಿಂದ ಎಕ್ಸಿಲೇಟರಿಗೆ ಓಡುವ ಕಸರತ್ತು ಸದ್ಯಕ್ಕೆ ಬಿಡಿ, ಹ್ಯಾಂಡ್‌ಬ್ರೇಕ್ ನಂಬಿ.

ಏರಿನಲ್ಲಿ ನಿಂತಿದ್ದೀರಿ, ಹ್ಯಾಂಡ್‌ಬ್ರೇಕ್ ಗಟ್ಟಿಯಾಗಿ ಎಳೆದಿದೆ. ಒಂದನೇ ಗೇರು ಹಾಕಿ. ಸ್ವಲ್ಪ ರೇಸ್ ಕೊಟ್ಟು, ಎಂಜಿನ್ ಗುಂಯ್‌ಗುಡುವಷ್ಟೇ, ಅಲ್ಲೇ ಹಿಡಿಯಿರಿ. ಕ್ಲಚ್ಚನ್ನು ಹಿಡಿಯುವ ಜಾಗಕ್ಕೆ ತನ್ನಿ. ಸದ್ದು ದಪ್ಪವಾಗಿ ಕಾರಿನ ಹಿಂಭಾಗ ತುಸು ಕುಸಿದು ಮೂತಿ ಏಳುತ್ತದೆ. ಹಗ್ಗ ಬಿಗಿಯಾಯಿತು ಎಂದರ್ಥ. ಆಗ ಹ್ಯಾಂಡ್‌ಬ್ರೇಕ್ ಇಳಿಸಿ. ಕಾರು ಜಾರದೆ ನಿಂತೇ ಇರುತ್ತದೆ ಅಥವಾ ಮೆಲ್ಲಗೆ ಮುಂದೆ ಸರಿಯುತ್ತದೆ. ತಡಮಾಡದೆ ಇನ್ನಷ್ಟು ರೇಸ್ ಕೊಟ್ಟು ಕ್ಲಚ್ ಪೂರ್ತಿ ಬಿಡಿ. ಹಿಂದೆ ಜಾರಿದರೆ ಗಾಬರಿಯಾಗಿ ರೇಸ್ ತುಳಿಯಬೇಡಿ. ಕ್ಲಚ್ ಬ್ರೇಕ್ ಎರಡೂ ಒತ್ತಿ, ಹ್ಯಾಂಡ್‌ಬ್ರೇಕ್ ಎಳೆದು, ಮೊದಲಿಂದ.

ನಾನು ಇದನ್ನು ಒಂದೇ ಬೆಳಿಗ್ಗೆ ಹತ್ತಾರು ಸಲ ಮಾಡಿ ಕ್ಲಚ್ ಕಾಯಿಸಿದೆ. ಹಾಗೆ ಮಾಡಬೇಡಿ. ಐದಾರು ಸಲ ಆದ ಮೇಲೆ ಸಮ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬನ್ನಿ, ಪ್ಲೇಟು ತಣಿಯಲಿ. ಜೂನ್ ಕಳೆದ ಮೇಲೆ ಪಾಚಿ ಕಟ್ಟಿದ ಏರಿನಲ್ಲಿ ಕಲಿಯುವುದಂತೂ ಬೇಡವೇ ಬೇಡ, ಚಕ್ರ ಜಾರುತ್ತದೋ ಕ್ಲಚ್ ಜಾರುತ್ತದೋ ಹೊಸ ಕಾಲಿಗೆ ಗೊತ್ತಾಗುವುದಿಲ್ಲ.

ಘಟ್ಟ

ಹತ್ತುವಾಗ ಮುಖ್ಯವಾದದ್ದು ಮುಂದಿನ ಗಾಡಿಯಿಂದ ದೂರ. ದೇವಿಮನೆ ಇರಲಿ, ಅರಬೈಲ್ ಇರಲಿ, ಲಾರಿಯ ಬಾಲಕ್ಕೆ ಅಂಟಿಕೊಂಡರೆ ಅದು ನಿಂತಲ್ಲೆಲ್ಲ ನೀವೂ ನಿಲ್ಲಬೇಕು, ಪ್ರತಿ ಸಲ ಏರಿನಲ್ಲೇ ಹೊರಡಬೇಕು. ನಾಲ್ಕೈದು ಗಾಡಿಯಷ್ಟು ಜಾಗ ಬಿಟ್ಟರೆ ಒಂದು ಅಥವಾ ಎರಡನೇ ಗೇರಿನಲ್ಲಿ ನಿಲ್ಲದೆ ಉರುಳಿಕೊಂಡೇ ಹೋಗಬಹುದು. ಹಿಂದಿನವರು ಹಾರ್ನ್ ಬಡಿಯುತ್ತಾರೆ. ಅವರು ನಿಮ್ಮ ಕ್ಲಚ್ ಪ್ಲೇಟಿನ ದುಡ್ಡು ಕೊಡುವುದಿಲ್ಲ. ನಿಲ್ಲಲೇಬೇಕಾಗಿ ಬಂದರೆ ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್ ಮಾಡಿ, ಎರಡೂ ಕಾಲು ತೆಗೆದು ಆರಾಮಾಗಿ ಕುಳಿತುಕೊಳ್ಳಿ. ಅಂದು ನನಗೆ ಗೊತ್ತಿರಬೇಕಾಗಿದ್ದುದು ಇಷ್ಟೇ.

ಹೇರ್‌ಪಿನ್ ತಿರುವಿಗೆ ಮೊದಲೇ ಗೇರು ಇಳಿಸಿ. ತಿರುವಿನ ನಟ್ಟನಡುವೆ ಮೂರರಲ್ಲಿ ಉಸಿರುಗಟ್ಟಿದ ಗಾಡಿಯನ್ನು ಎರಡಕ್ಕೆ ತರಲು ಒಂದು ಕೈ ಸ್ಟೇರಿಂಗ್ ಬಿಟ್ಟರೆ ಎರಡೂ ಕೆಡುತ್ತವೆ. ಇಕ್ಕಟ್ಟಿನ ಜಾಗದಲ್ಲಿ ಎದುರು ಬದರಾದರೆ ಹತ್ತುವ ಗಾಡಿಗೆ ಮೊದಲ ಹಕ್ಕು, ಇಳಿಯುವವರು ನಿಂತು ದಾರಿ ಬಿಡಬೇಕು.

ಇಳಿಯುವಾಗ ಲೆಕ್ಕ ಸುಲಭ: ಹತ್ತಲು ಯಾವ ಗೇರು ಬೇಕಿತ್ತೋ ಇಳಿಯಲೂ ಅದೇ. ಎರಡು ಅಥವಾ ಮೂರರಲ್ಲಿ, ಕ್ಲಚ್ ಮುಟ್ಟದೆ ಬಿಟ್ಟರೆ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ಬ್ರೇಕನ್ನು ಆಗಾಗ ಗಟ್ಟಿಯಾಗಿ ಒತ್ತಿ ಬಿಡಿ. ಉದ್ದಕ್ಕೂ ಮೆಲ್ಲಗೆ ಒತ್ತಿಕೊಂಡೇ ಇದ್ದರೆ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಪೆಟ್ರೋಲ್ ಉಳಿಯುತ್ತದೆಂದು ನ್ಯೂಟ್ರಲ್ ಮಾಡಿ ಇಳಿಯುವ ಚಟ ನಮ್ಮೂರಲ್ಲಿ ಇನ್ನೂ ಇದೆ. ಈಗಿನ ಇಂಜೆಕ್ಷನ್ ಎಂಜಿನ್ನುಗಳು ಗೇರಿನಲ್ಲಿದ್ದು ರೇಸ್ ಬಿಟ್ಟಾಗ ಇಂಧನ ಸರಬರಾಜನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್ಲಿನಲ್ಲಿ ಮಾತ್ರ ಎಂಜಿನ್ ಉಸಿರಾಡಲು ಪೆಟ್ರೋಲ್ ಕುಡಿಯಬೇಕು. ಎಂಜಿನ್ ಬಂದ್ ಮಾಡಿ ಉರುಳಿಸುವವರಿಗೆ ಇನ್ನೂ ದೊಡ್ಡ ಅಪಾಯ: ನಾಲ್ಕಾರು ಸಲ ಒತ್ತುವಷ್ಟರಲ್ಲಿ ಬ್ರೇಕು ಕಲ್ಲಿನಂತೆ ಗಟ್ಟಿಯಾಗುತ್ತದೆ.

ಮಾವನನ್ನು ಕೂರಿಸಿಕೊಂಡು ಮೊದಲ ಸಲ ಕುಮಟೆಗೆ ಇಳಿದಾಗ ರಾಗಿಹೊಸಳ್ಳಿ ದಾಟಿದ ಮೇಲೆ ಅವರು ಮಾತೇ ಆಡಲಿಲ್ಲ. ಸಿಟ್ಟು ಬಂದಿದೆ ಅಂದುಕೊಂಡೆ. ಕತಗಾಲದಲ್ಲಿ ಚಾ ಕುಡಿಯಲು ನಿಲ್ಲಿಸಿದಾಗ ನೋಡಿದರೆ ನಿದ್ರೆ.

ಮಳೆಗಾಲದಲ್ಲಿ

ಅದೇ ಕತಗಾಲದ ಹತ್ತಿರ ಜೋರು ಮಳೆಗೆ ಚಂಡಿಕಾ ಹೊಳೆ ರಸ್ತೆಗೆ ಬರುವುದುಂಟು. ನೀರು ಎಷ್ಟಿದೆ ಗೊತ್ತಾಗದಿದ್ದರೆ ಇಳಿಸಬೇಡಿ, ಕಾಯಿರಿ. ಗೇರ್‌ಬಾಕ್ಸಿಗೆ ಉಸಿರಾಡಲು ಒಂದು ಸಣ್ಣ ತೂತಿದೆ, ಆಳದ ನೀರಿಗಿಳಿದರೆ ಅಲ್ಲಿಂದ ನೀರು ಒಳಹೋಗಬಹುದು. ಆಗ ಗೇರ್ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಅಂಥ ನೀರು ದಾಟಿದ್ದರೆ ಆಯಿಲ್ ನೋಡಿಸಿಬಿಡಿ. ಎಂಜಿನ್ ಆಯಿಲ್ ಬೇರೆ, ಗೇರ್ ಆಯಿಲ್ ಬೇರೆ. ಯಾವ ನಂಬರಿನದು, ಎಷ್ಟು ಕಿಲೋಮೀಟರಿಗೆ ಬದಲಿಸಬೇಕು ಎಂಬುದು ಕಾರಿನ ಪುಸ್ತಕದಲ್ಲಿದೆ.

ಏರಿನಲ್ಲಿ ನಿಲ್ಲಿಸಿ ಹೋಗುವಾಗ ಕ್ರಮ ಹೀಗಿರಲಿ: ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಕಾಲಿನ ಬ್ರೇಕ್ ಬಿಟ್ಟು ಗಾಡಿಯ ಭಾರ ಹ್ಯಾಂಡ್‌ಬ್ರೇಕಿಗೆ ಬೀಳಲು ಬಿಡಿ, ಎಂಜಿನ್ ಬಂದ್, ಆಮೇಲೆ ಕ್ಲಚ್ ಒತ್ತಿ ಗೇರು. ಹೀಗಾದರೆ ಭಾರ ಗೇರಿನ ಹಲ್ಲುಗಳ ಮೇಲೆ ನೇತಾಡುವುದಿಲ್ಲ. ಮಳೆಗಾಲದಲ್ಲಿ ಸಮ ನೆಲದ ಮೇಲೆ ನಾಲ್ಕೈದು ದಿನ ನಿಲ್ಲಿಸುವುದಿದ್ದರೆ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಎಳೆದಿಟ್ಟರೆ ಹಿಂದಿನ ಬ್ರೇಕು ತುಕ್ಕಿಗೆ ಅಂಟಿಕೊಳ್ಳುತ್ತದೆ, ಕರಾವಳಿಯ ಉಪ್ಪುಗಾಳಿಗೆ ಇನ್ನೂ ಬೇಗ. ಅದನ್ನು ಬಿಡಿಸಲು ಎಲ್ಲರೂ ಹೂಡುವ ಉಪಾಯ ಅರ್ಧ ಕ್ಲಚ್ ಮತ್ತು ರೇಸ್.

ವಾಸನೆ ಬಂದರೆ

ಸುಟ್ಟ ವಾಸನೆ ನಿಮ್ಮದೇ ಗಾಡಿಯದು ಎಂದು ಮೊದಲು ಒಪ್ಪಿಕೊಳ್ಳಿ. ಜಾಗ ನೋಡಿ ಬದಿಗೆ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಅರ್ಧ ಗಂಟೆ ಬಿಡಿ. ಒಂದು ಸಲ ಕಾದ ಮಾತ್ರಕ್ಕೆ ಪ್ಲೇಟು ಹೋಗಿಯೇಬಿಡುವುದಿಲ್ಲ. ತಣಿದ ಮೇಲೆ ನಾಲ್ಕನೇ ಗೇರಿನಲ್ಲಿ ಸಮ ರಸ್ತೆಯಲ್ಲಿ ರೇಸ್ ಕೊಟ್ಟು ನೋಡಿ: ಎಂಜಿನ್ನಿನ ಸದ್ದು, ಆರ್‌ಪಿಎಂ ಮುಳ್ಳು ಏರಿ ವೇಗ ಏರದಿದ್ದರೆ ಪ್ಲೇಟು ಜಾರುತ್ತಿದೆ. ಕ್ಲಚ್ ಒತ್ತಿದಾಗ ಮಾತ್ರ ಕೇಳುವ ಕಿರಿಕಿರಿ ಸದ್ದು ಬೇರಿಂಗಿನದಿರಬಹುದು. ಕ್ಲಚ್ ಪೂರ್ತಿ ಒತ್ತಿದರೂ ಎಲ್ಲ ಗೇರು ಕರಕರ ಎಂದರೆ ಕ್ಲಚ್ ಸರಿಯಾಗಿ ಬಿಡುತ್ತಿಲ್ಲ. ಕೇಬಲ್ಲೋ ಆಯಿಲ್ ಲೀಕೋ ಇರಬಹುದು, ಅಷ್ಟಕ್ಕೇ ಗೇರ್‌ಬಾಕ್ಸ್ ಬಿಚ್ಚಿಸಬೇಡಿ.

ಪ್ಲೇಟು ಹೋಗಿದ್ದೇ ನಿಜವಾದರೆ ಪ್ಲೇಟು, ಪ್ರೆಶರ್ ಪ್ಲೇಟು, ಬೇರಿಂಗು ಮೂರನ್ನೂ ಒಟ್ಟಿಗೆ ಹಾಕಿಸಿ. ಮೂರಕ್ಕೂ ಗೇರ್‌ಬಾಕ್ಸ್ ಇಳಿಸಲೇಬೇಕು, ಬೇರಿಂಗಿನ ದುಡ್ಡು ಉಳಿಸಲು ಹೋಗಿ ಮೂರು ತಿಂಗಳಿಗೆ ಮತ್ತೆ ಕೂಲಿ ಕೊಟ್ಟವರನ್ನು ನೋಡಿದ್ದೇನೆ. ಫ್ಲೈವೀಲಿನ ಮುಖದ ಮೇಲೆ ಗೀರು, ನೀಲಿ ಕಲೆ ಬಿದ್ದಿದೆಯೇ ನೋಡಲು ಹೇಳಿ. ಹಳೆಯ ಪ್ಲೇಟು ಕೇಳಿ ಮನೆಗೆ ತನ್ನಿ. ನನ್ನದು ಕಾರು ನಿಲ್ಲಿಸುವ ಮಾಡಿನ ಗೋಡೆಯಲ್ಲಿ ಮೊಳೆಗೆ ನೇತಾಡುತ್ತಿದೆ, ಕಲಿಯಲು ಬಂದವರಿಗೆಲ್ಲ ಮೊದಲು ತೋರಿಸುವುದು ಅದನ್ನೇ.